ಸಭ್ಯತೆಯ ಪುಸ್ತಕ, ರೊಟ್ಟಿಯ ಬುಟ್ಟಿ

ಸೆಪ್ಟೆಂಬರ್ 8 ಬಂತೆಂದರೆ ಕರಾವಳಿಯ ಕಥೋಲಿಕ ಮನೆಗಳಲ್ಲಿ ಅಡುಗೆಮನೆಗೇ ಹಬ್ಬ. ಅಂದು ಮಾತೆ ಮರಿಯಮ್ಮನವರ ಜನನೋತ್ಸವ. ನಮ್ಮ ಬಾಯಲ್ಲಿ ಅದು ಮೊಂತಿ ಹಬ್ಬ, ತೆನೆ ಹಬ್ಬ. ಮಕ್ಕಳು ಒಂಬತ್ತು ದಿನ ಹೂವು ಅರ್ಪಿಸಿದ ಮೇಲೆ ಚರ್ಚಿನಲ್ಲಿ ಆಶೀರ್ವದಿಸಿದ ಭತ್ತದ ತೆನೆ ಮನೆಗೆ ಬರುತ್ತದೆ. ಹೊಸ ಅಕ್ಕಿಯ ಕೆಲವು ಕಾಳುಗಳನ್ನು ಸುಲಿದು, ಪುಡಿಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ, ಪ್ರಾರ್ಥನೆಯ ನಂತರ ಮನೆಯ ಹಿರಿಯರು ಎಲ್ಲರಿಗೂ ಕೊಡುತ್ತಾರೆ. ಆಮೇಲೆ ಎಲ್ಲರೂ ಕೂಡಿ ಸಸ್ಯಾಹಾರದ ಊಟ. ಹೊರದೇಶದಲ್ಲಿ ದುಡಿಯುವ ಮಗನಿಗೂ, ಮದುವೆಯಾಗಿ ಮುಂಬಯಿ ಸೇರಿದ ಮಗಳಿಗೂ ಒಂದೆರಡು ಕಾಳು ಲಕೋಟೆಯಲ್ಲಿ ಹೋಗುತ್ತಿದ್ದ ಕಾಲವನ್ನು ನಮ್ಮಲ್ಲಿ ಅನೇಕರು ಬಲ್ಲರು.

ಆ ಒಂದು ಊಟದಲ್ಲಿ ನಾವು ಎಷ್ಟೊಂದು ಕಲಿತೆವು! ಪ್ರಾರ್ಥನೆ ಮುಗಿಯುವ ತನಕ ತಟ್ಟೆಗೆ ಕೈ ಹಾಕಬಾರದು. ಹಿರಿಯರ ಕೈಯಿಂದ ಬಂದದ್ದನ್ನು ಎರಡೂ ಕೈಯೊಡ್ಡಿ ಪಡೆಯಬೇಕು. ಅನ್ನವನ್ನು ಚೆಲ್ಲಬಾರದು. ಮೇಜಿನಲ್ಲಿ ಇಲ್ಲದವರನ್ನೂ ನೆನೆಯಬೇಕು. ಇದಕ್ಕೆ ಪಠ್ಯಪುಸ್ತಕವಿರಲಿಲ್ಲ, ತರಬೇತಿ ಶಿಬಿರವೂ ಇರಲಿಲ್ಲ. 'ಟೇಬಲ್ ಮ್ಯಾನರ್ಸ್' ಎಂಬ ಮಾತನ್ನು ನಮ್ಮ ಅಜ್ಜಿಯರು ಕೇಳಿಯೇ ಇರಲಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಮದುವೆಯ ಔತಣದಲ್ಲಿ ನಾವು ಕಂಡ ದೃಶ್ಯ ಇನ್ನೂ ಮನಸ್ಸನ್ನು ಚುಚ್ಚುತ್ತದೆ. ಹಳ್ಳಿಯಿಂದ ಬಂದಿದ್ದ ಅಜ್ಜಿಯೊಬ್ಬರು ತಟ್ಟೆಯಲ್ಲಿ ಅನ್ನ ಸಾರು ಹಾಕಿಸಿಕೊಂಡು, ಕುರ್ಚಿಯೊಂದರಲ್ಲಿ ಕುಳಿತು ಕೈಯಿಂದ ಕಲಸತೊಡಗಿದರು. ಪಟ್ಟಣದಲ್ಲಿ ಓದುತ್ತಿದ್ದ ಮೊಮ್ಮಗ ಬಳಿಗೆ ಬಂದು, ಸುತ್ತಲಿದ್ದವರಿಗೆಲ್ಲ ಕೇಳುವಂತೆ, "ಅಜ್ಜಿ, ಕೈ ಹಾಕ್ಬೇಡಿ, ಸ್ಪೂನ್ ತಗೊಳ್ಳಿ. ಎಲ್ಲರೂ ನೋಡ್ತಿದ್ದಾರೆ" ಎಂದ. ಯಾರೋ ನಕ್ಕರು. ಅಜ್ಜಿ ತಟ್ಟೆಯನ್ನು ಕೆಳಗಿಟ್ಟರು, ಮತ್ತೆ ಮುಟ್ಟಲಿಲ್ಲ. ಪಕ್ಕದಲ್ಲೇ ಕುಳಿತಿದ್ದ ನಾವು ಏನೂ ಹೇಳದೆ ಸುಮ್ಮನಿದ್ದೆವು.

ಅಂದು ಸಭ್ಯತೆ ತಪ್ಪಿದವರು ಯಾರು? ಅಜ್ಜಿಯೇ, ಮೊಮ್ಮಗನೇ, ಸುಮ್ಮನಿದ್ದ ನಾವೇ? ಈ ಪ್ರಶ್ನೆಯನ್ನು ಹಿಡಿದುಕೊಂಡು ಧರ್ಮಸಭೆಯ ಚರಿತ್ರೆಯ ಕೆಲವು ಪುಟಗಳನ್ನು ತಿರುವಿ ನೋಡೋಣ. ಏಕೆಂದರೆ ಮಕ್ಕಳಿಗೆ ಊಟದ ರೀತಿನೀತಿಗಳನ್ನು ಕಲಿಸುವ ಕೆಲಸದಲ್ಲಿ ಧರ್ಮಸಭೆಯ ಪಾಲು ನಾವು ಎಣಿಸಿದ್ದಕ್ಕಿಂತ ದೊಡ್ಡದು.

ಸಿರಾಖನ ಉಪದೇಶ, ಸಂತ ಪೌಲರ ಗದರಿಕೆ

ನಮ್ಮ ಪವಿತ್ರ ಗ್ರಂಥದಲ್ಲಿಯೇ ಊಟದ ಪಾಠವಿದೆ. ಕ್ರಿಸ್ತಪೂರ್ವ ಎರಡನೆಯ ಶತಮಾನದ ಆರಂಭದಲ್ಲಿ ಜೆರುಸಲೇಮಿನ ಜ್ಞಾನಿಯೊಬ್ಬ ಯುವಕರಿಗಾಗಿ ಬರೆದ ಸಿರಾಖನ ಗ್ರಂಥದ 31 ಮತ್ತು 32ನೆಯ ಅಧ್ಯಾಯಗಳನ್ನು ತೆರೆದು ನೋಡಿರಿ. ಔತಣದಲ್ಲಿ ಕಂಡದ್ದಕ್ಕೆಲ್ಲ ಕೈ ಚಾಚಬೇಡ, ಗಬಗಬನೆ ತಿನ್ನಬೇಡ, ಎಲ್ಲರಿಗಿಂತ ಮೊದಲು ಊಟ ನಿಲ್ಲಿಸುವವನು ನೀನಾಗು ಎಂದು ಆತ ಬುದ್ಧಿ ಹೇಳುತ್ತಾನೆ. ಈ ಎಲ್ಲ ಮಾತುಗಳ ನಡುವೆ ಒಂದು ಅಳತೆಗೋಲನ್ನೂ ಕೊಡುತ್ತಾನೆ: ಪಕ್ಕದವನ ಮನಸ್ಸನ್ನು ನಿನ್ನ ಮನಸ್ಸಿನಿಂದಲೇ ಅರಿತುಕೋ. ನನಗೆ ನೋವಾಗುವುದು ಅವನಿಗೂ ನೋವಾಗುತ್ತದೆ. ಇದೇ ಆ ಪಾಠದ ತಿರುಳು.

ಸುಮಾರು 55ರಲ್ಲಿ ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 11ನೆಯ ಅಧ್ಯಾಯದಲ್ಲಿ ಮಾತು ಖಾರವಾಗುತ್ತದೆ. ಪ್ರಭುವಿನ ಭೋಜನಕ್ಕೆಂದು ಕೂಡಿಬಂದವರಲ್ಲಿ ಉಳ್ಳವರು ಮೊದಲೇ ತಿಂದು ಕುಡಿದು ತೃಪ್ತರಾಗುತ್ತಿದ್ದರು. ಇಲ್ಲದವರು ಹಸಿದು ಕೂರುತ್ತಿದ್ದರು. ಕನ್ನಡದಲ್ಲಿ ಇದಕ್ಕೆ ಒಂದು ತಕ್ಕ ಪದವಿದೆ: ಪಂಕ್ತಿಭೇದ. ಪರಮಪ್ರಸಾದದ ಸ್ಥಾಪನೆಯ ವೃತ್ತಾಂತವನ್ನು ಸಂತ ಪೌಲರು ಬರೆದಿಟ್ಟದ್ದು ಈ ಪಂಕ್ತಿಭೇದವನ್ನು ಖಂಡಿಸುವ ಸಂದರ್ಭದಲ್ಲಿಯೇ ಎಂಬುದನ್ನು ನಾವು ಮರೆಯಬಾರದು. ಅವರು ಕೊಟ್ಟ ಪರಿಹಾರವಾದರೂ ಎಷ್ಟು ಸರಳ! ಊಟಕ್ಕೆ ಸೇರಿದಾಗ ಒಬ್ಬರಿಗಾಗಿ ಒಬ್ಬರು ಕಾಯಿರಿ.

ಮಠದ ಊಟದ ಮನೆ

ಆರನೆಯ ಶತಮಾನದಲ್ಲಿ ಸಂತ ಬೆನೆದಿಕ್ತರು ಇಟಲಿಯಲ್ಲಿ ತಮ್ಮ ಸನ್ಯಾಸಿಗಳಿಗಾಗಿ ಒಂದು ನಿಯಮಾವಳಿಯನ್ನು ಬರೆದರು. ಅದರಲ್ಲಿ ಊಟದ ಮನೆಗೇ ಹಲವು ಅಧ್ಯಾಯಗಳು ಮೀಸಲು. ಊಟದ ಹೊತ್ತಿನಲ್ಲಿ ಒಬ್ಬರು ಗ್ರಂಥ ಓದಬೇಕು, ಉಳಿದವರು ಮೌನವಾಗಿರಬೇಕು. ಯಾರೂ ಬಾಯಿಬಿಟ್ಟು ಕೇಳುವ ಅಗತ್ಯ ಬೀಳದಂತೆ, ಪಕ್ಕದವರಿಗೆ ಬೇಕಾದುದನ್ನು ಗಮನಿಸಿ ತಾವೇ ಒದಗಿಸಬೇಕು. ಬಡಿಸುವ ಕೆಲಸ ಎಲ್ಲರಿಗೂ ಸರದಿಯಂತೆ ಬರುತ್ತದೆ. ನಾನು ಓದಿದವನು, ನಾನು ಒಳ್ಳೆಯ ಮನೆತನದವನು ಎಂದು ತಪ್ಪಿಸಿಕೊಳ್ಳುವಂತಿಲ್ಲ. ಬೇಯಿಸಿದ ಪದಾರ್ಥ ಎರಡಿರಬೇಕು, ಒಂದನ್ನು ತಿನ್ನಲಾಗದವನು ಇನ್ನೊಂದನ್ನಾದರೂ ತಿನ್ನಲಿ ಎಂದು.

ಇನ್ನೊಂದು ಸೂಕ್ಷ್ಮ ಇಲ್ಲಿದೆ. ಬಡಿಸುವವರಿಗೆ ಊಟದ ವೇಳೆಗೆ ಒಂದು ಗಂಟೆ ಮೊದಲೇ ಸ್ವಲ್ಪ ರೊಟ್ಟಿಯನ್ನೂ ಕುಡಿಯಲು ಪಾನೀಯವನ್ನೂ ಕೊಡಬೇಕೆಂದು ನಿಯಮ ಹೇಳುತ್ತದೆ. ಹಸಿದ ಹೊಟ್ಟೆಯಲ್ಲಿ ಬಡಿಸುವವನು ಗೊಣಗುವುದು ಸಹಜವಲ್ಲವೇ? ನಮ್ಮ ಮನೆಗಳಲ್ಲಿ ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಒಬ್ಬರೇ ಉಣ್ಣುವ ತಾಯಂದಿರನ್ನು ನೆನೆದಾಗ, ಸುಮಾರು 1,500 ವರ್ಷಗಳ ಹಿಂದಿನ ಈ ನಿಯಮ ನಮ್ಮನ್ನು ನಾಚಿಸುತ್ತದೆ. ಮಠಕ್ಕೆ ಬರುವ ಅತಿಥಿಗಳಲ್ಲಿ ಬಡವರನ್ನೂ ಯಾತ್ರಿಕರನ್ನೂ ಹೆಚ್ಚಿನ ಕಾಳಜಿಯಿಂದ ಸ್ವಾಗತಿಸಬೇಕೆಂದೂ ಬೆನೆದಿಕ್ತರು ಹೇಳುತ್ತಾರೆ. ಶ್ರೀಮಂತನಿಗೆ ಮರ್ಯಾದೆ ತಾನಾಗಿಯೇ ಸಿಗುತ್ತದೆ. ಬಡವನಿಗೆ ಅದನ್ನು ನೆನಪಿಟ್ಟು ಕೊಡಬೇಕು.

ಮಠದ ಈ ಶಿಸ್ತು ಮೆಲ್ಲನೆ ಹೊರಗೂ ಹರಿಯಿತು. 12ನೆಯ ಶತಮಾನದ ಮೊದಲರ್ಧದಲ್ಲಿ ಪ್ಯಾರಿಸ್ಸಿನ ಸಂತ ವಿಕ್ಟರ್ ಮಠದ ಹ್ಯೂಗ್ ಎಂಬ ಗುರುಗಳು ಹೊಸದಾಗಿ ಸೇರುವ ಯುವಕರಿಗಾಗಿ ನಡೆ, ನುಡಿ, ಊಟಗಳ ಬಗ್ಗೆ ಒಂದು ಕೃತಿಯನ್ನೇ ಬರೆದರು. ಅದೇ ಶತಮಾನದಲ್ಲಿ ನಮ್ಮ ನಾಡಿನ ಕಲ್ಯಾಣದಲ್ಲಿ ಶರಣರು ದಾಸೋಹದ ಪಂಕ್ತಿಯಲ್ಲಿ ಮೇಲು ಕೀಳನ್ನು ಅಳಿಸಲು ಹೊರಟಿದ್ದರು. ಒಬ್ಬರ ಸುದ್ದಿ ಒಬ್ಬರಿಗೆ ತಿಳಿಯದಿದ್ದ ಕಾಲವದು. ಆದರೂ ಅನ್ನದ ಮುಂದೆ ಮನುಷ್ಯ ಹೇಗೆ ಕುಳಿತುಕೊಳ್ಳಬೇಕು ಎಂಬ ಪ್ರಶ್ನೆ ಎರಡೂ ಕಡೆ ಎದ್ದಿತ್ತು.

13ನೆಯ ಶತಮಾನದಲ್ಲಿ ಮಿಲಾನ್ ಪ್ರದೇಶದ ಬೋನ್ವೆಸಿನ್ ದ ಲಾ ರಿವ ಎಂಬ ಶಾಲಾ ಉಪಾಧ್ಯಾಯರು ಲತೀನ್ ಬಿಟ್ಟು ಜನರ ಆಡುಭಾಷೆಯಲ್ಲಿ ಊಟದ ಐವತ್ತು ಸಭ್ಯತೆಗಳನ್ನು ಪದ್ಯದಲ್ಲಿ ಬರೆದರು. ಕೈ ತೊಳೆ, ಬಾಯಿ ತುಂಬಿಕೊಂಡು ಮಾತನಾಡಬೇಡ ಎಂಬಂಥ ಮಾತುಗಳು ಅಲ್ಲಿ ಸಾಲಾಗಿ ಬರುತ್ತವೆ. ಆದರೆ ಐವತ್ತರಲ್ಲಿ ಮೊದಲನೆಯದು ಯಾವುದು ಗೊತ್ತೇ? ಊಟಕ್ಕೆ ಕುಳಿತಾಗ ಮೊಟ್ಟಮೊದಲು ಹಸಿದ ಬಡವನನ್ನು ನೆನೆ ಎಂಬುದು.

ಎರಾಸ್ಮುಸರ ಸಣ್ಣ ಪುಸ್ತಕ

1530ರಲ್ಲಿ ಬಾಸೆಲ್ ನಗರದಲ್ಲಿ ಮಕ್ಕಳ ನಡತೆಯ ಸಭ್ಯತೆಯನ್ನು ಕುರಿತ ಲತೀನ್ ಕಿರುಹೊತ್ತಗೆಯೊಂದು ಅಚ್ಚಾಯಿತು. ಬರೆದವರು ಯೂರೋಪಿನ ಬಹು ದೊಡ್ಡ ವಿದ್ವಾಂಸರಲ್ಲೊಬ್ಬರಾದ ರಾಟರ್‌ಡ್ಯಾಮಿನ ಎರಾಸ್ಮುಸ್. ಅವರೂ ಗುರುದೀಕ್ಷೆ ಪಡೆದವರೇ. ಪುಸ್ತಕ ಅರ್ಪಿತವಾದದ್ದು ಬರ್ಗಂಡಿಯ ಹೆನ್ರಿ ಎಂಬ ಶ್ರೀಮಂತ ಮನೆತನದ ಹುಡುಗನಿಗೆ. ಎರಡೇ ವರ್ಷಗಳಲ್ಲಿ, ಅಂದರೆ 1532ರಲ್ಲಿ, ಅದರ ಇಂಗ್ಲಿಷ್ ಅನುವಾದ ಬಂತು. ಧರ್ಮಸಭೆ ಒಡೆದುಹೋಗುತ್ತಿದ್ದ ಆ ದಿನಗಳಲ್ಲಿಯೂ ಕಥೋಲಿಕರ ಶಾಲೆಗಳು, ಪ್ರೊಟೆಸ್ಟಂಟರ ಶಾಲೆಗಳು ಎರಡೂ ಅದನ್ನು ಮಕ್ಕಳ ಕೈಗೆ ಕೊಟ್ಟವು.

ಕೈಯಿಂದ ಉಣ್ಣಲು ನಾಚುವ ನಮ್ಮ ಯುವಕರು ಇದನ್ನು ಅಗತ್ಯವಾಗಿ ತಿಳಿಯಬೇಕು: ಆ ಪುಸ್ತಕದ ಕಾಲದಲ್ಲಿ ಉತ್ತರ ಯೂರೋಪಿನ ಶ್ರೀಮಂತರೂ ಬಹುಮಟ್ಟಿಗೆ ಕೈಯಿಂದಲೇ ತಿನ್ನುತ್ತಿದ್ದರು. ಫೋರ್ಕ್ ಇನ್ನೂ ಎಲ್ಲರ ಮೇಜಿಗೆ ಬಂದಿರಲಿಲ್ಲ. ಆಹಾರವನ್ನು ಮೂರು ಬೆರಳುಗಳಿಂದ ಎತ್ತಿಕೋ, ಜಿಡ್ಡಾದ ಬೆರಳನ್ನು ನೆಕ್ಕಬೇಡ, ಅಂಗಿಗೆ ಒರಸಬೇಡ ಎಂದು ಎರಾಸ್ಮುಸರು ಕಲಿಸುತ್ತಾರೆ. ನಮ್ಮ ಅಜ್ಜಿಯರು ಹೇಳಿದ್ದೂ ಇದನ್ನೇ ಅಲ್ಲವೇ? ಚಮಚ, ಕತ್ತಿ, ಫೋರ್ಕುಗಳು ಕಾಲಕಾಲಕ್ಕೆ ಬಂದ ಸಲಕರಣೆಗಳು. ಅವುಗಳನ್ನು ಬಳಸುವುದು ಕಲಿತರೆ ಒಳ್ಳೆಯದೇ. ಆದರೆ ಸಭ್ಯತೆ ಅವುಗಳಲ್ಲಿ ಇಲ್ಲ.

ಹಾಗಾದರೆ ಎಲ್ಲಿದೆ? ಪುಸ್ತಕದ ಕೊನೆಯಲ್ಲಿ ಎರಾಸ್ಮುಸರು ಅದನ್ನು ಹೇಳಿಬಿಡುತ್ತಾರೆ. ತಂದೆತಾಯಿಯನ್ನಾಗಲಿ ಹುಟ್ಟೂರನ್ನಾಗಲಿ ಯಾರೂ ಆರಿಸಿಕೊಳ್ಳಲಾರರು, ಆದರೆ ನಡತೆಯನ್ನು ಯಾರು ಬೇಕಾದರೂ ರೂಪಿಸಿಕೊಳ್ಳಬಲ್ಲರು ಎಂಬುದು ಅವರ ನಂಬಿಕೆ. ತಾನು ತಪ್ಪದೆ ನಡೆಯುತ್ತ ಇತರರ ತಪ್ಪನ್ನು ಸುಲಭವಾಗಿ ಕ್ಷಮಿಸುವುದೇ ಸಭ್ಯತೆಯ ಬಹುಪಾಲು ಎನ್ನುತ್ತಾರೆ. ಜೊತೆಗಾರನು ತಿಳಿಯದೆ ತಪ್ಪಿದರೆ ಅವನನ್ನು ಒಂಟಿಯಾಗಿ ಕರೆದು ಮೆಲ್ಲನೆ ತಿಳಿಸಬೇಕಂತೆ. ಆ ಮದುವೆಮನೆಯ ಮೊಮ್ಮಗನಿಗೆ ಸ್ಪೂನ್ ಹಿಡಿಯಲು ಕಲಿಸಿದವರು ಈ ಕೊನೆಯ ಪಾಠವನ್ನು ಬಿಟ್ಟುಬಿಟ್ಟಿದ್ದರು.

ಇಂಥ ಪುಸ್ತಕಗಳು ಆಮೇಲೆ ಸಾಲುಸಾಲಾಗಿ ಬಂದವು. ಬೆನೆವೆಂತೊದ ಮಹಾಧರ್ಮಾಧ್ಯಕ್ಷರಾಗಿದ್ದ ಜೊವಾನ್ನಿ ದೆಲ್ಲ ಕಾಸಾ ಅವರ 'ಗಲತೆಯೊ' ಅವರ ಮರಣಾನಂತರ 1558ರಲ್ಲಿ ಪ್ರಕಟವಾಯಿತು. ಇಟಲಿಯ ಜನ ಇಂದಿಗೂ ಶಿಷ್ಟಾಚಾರಕ್ಕೆ ಅದೇ ಹೆಸರನ್ನು ಬಳಸುತ್ತಾರೆ. ಫ್ರಾನ್ಸಿನ ಜೆಸ್ವಿತ್ ಗುರುಗಳ ಶಾಲೆಯಲ್ಲಿ 1595ರಲ್ಲಿ ಸಿದ್ಧವಾದ ನಿಯಮಗಳ ಸಂಗ್ರಹವೊಂದು ಇಂಗ್ಲಿಷಿಗೆ ಹೋಗಿ, ಕಡಲು ದಾಟಿತು. 18ನೆಯ ಶತಮಾನದಲ್ಲಿ ವರ್ಜೀನಿಯದ ಬಾಲಕನೊಬ್ಬ ಅಂಥ 110 ನಿಯಮಗಳನ್ನು ತನ್ನ ಕಾಪಿಪುಸ್ತಕದಲ್ಲಿ ಬರೆದುಕೊಂಡ. ಆ ಬಾಲಕನೇ ಮುಂದೆ ಅಮೆರಿಕದ ಮೊದಲ ಅಧ್ಯಕ್ಷನಾದ ಜಾರ್ಜ್ ವಾಷಿಂಗ್ಟನ್.

ಮೇಜಿನಿಂದ ಬದಲಾದ ಒಂದು ಜೀವನ

ಆದರೆ ಈ ಪುಸ್ತಕಗಳಲ್ಲಿ ಹೆಚ್ಚಿನವು ಮುಟ್ಟಿದ್ದು ಉಳ್ಳವರ ಮಕ್ಕಳನ್ನು. ಬೀದಿಯಲ್ಲಿ ಅಲೆಯುವ ಮಗುವಿಗೆ ಸಭ್ಯತೆ ಕಲಿಸುವವರು ಯಾರು? ಈ ಪ್ರಶ್ನೆಗೆ ಉತ್ತರವಾಗಿ ಬಂದವರು ಸಂತ ಜಾನ್ ಬ್ಯಾಪ್ಟಿಸ್ಟ್ ದೆ ಲಾ ಸಾಲ್. 1950ರಲ್ಲಿ ಜಗದ್ಗುರು 12ನೆಯ ಪಿಯುಸ್ ಅವರನ್ನು ಉಪಾಧ್ಯಾಯರ ಪಾಲಕ ಸಂತರೆಂದು ಸಾರಿದರು.

1651ರಲ್ಲಿ ಫ್ರಾನ್ಸಿನ ರೈಮ್ಸ್ ನಗರದ ಅನುಕೂಲಸ್ಥ ಮನೆಯಲ್ಲಿ ಹುಟ್ಟಿದ ಅವರು 1678ರಲ್ಲಿ ಗುರುದೀಕ್ಷೆ ಪಡೆದರು. ಬಡಮಕ್ಕಳಿಗೆ ಉಚಿತ ಶಾಲೆ ನಡೆಸಲು ಬಂದವರಿಗೆ ನೆರವಾಗುವುದಷ್ಟೇ ಮೊದಲು ಅವರ ಉದ್ದೇಶವಾಗಿತ್ತು. ಆ ಶಾಲೆಗಳ ಉಪಾಧ್ಯಾಯರು ಒರಟು ಜನ, ಹೆಚ್ಚು ಓದಿದವರಲ್ಲ. ತಮ್ಮ ಮನೆಯ ಆಳಿಗಿಂತಲೂ ಕೆಳಗಿನವರೆಂದು ಅವರನ್ನು ಎಣಿಸಿದ್ದುಂಟು ಎಂದು ಲಾ ಸಾಲರೇ ಮುಂದೆ ಒಪ್ಪಿಕೊಂಡಿದ್ದಾರೆ. ಅಂಥವರನ್ನು ಅವರು ತಮ್ಮ ಮನೆಯ ಊಟದ ಮೇಜಿಗೆ ಕರೆದರು. 1681ರ ಜೂನ್ 24ರಂದು ತಮ್ಮ ಮನೆಯಲ್ಲಿಯೇ ಇರಿಸಿಕೊಂಡರು. ಬಂಧುಗಳು ಸಿಟ್ಟಾದರು. ಇಂಥವರೊಂದಿಗೆ ಒಂದೇ ಮೇಜಿನಲ್ಲಿ ಉಣ್ಣುವುದೇ?

ಮರುವರ್ಷ ಲಾ ಸಾಲರೇ ತಮ್ಮ ಮನೆ ಬಿಟ್ಟು ಆ ಉಪಾಧ್ಯಾಯರೊಂದಿಗೆ ಬಾಡಿಗೆ ಮನೆಗೆ ಹೋದರು. ಅಲ್ಲಿನ ಒರಟು ಊಟ ಅವರಿಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಹೊಟ್ಟೆ ತೊಳಸುತ್ತಿತ್ತು. ಹಸಿವು ತಾನಾಗಿಯೇ ರುಚಿ ಕಲಿಸುವ ತನಕ ಅವರು ಉಪವಾಸ ಕುಳಿತರೆಂದು ಅವರ ಹಳೆಯ ಜೀವನಚರಿತ್ರೆ ಹೇಳುತ್ತದೆ. 1683ರಲ್ಲಿ ಪ್ರಧಾನಾಲಯದ ಗೌರವದ ಹುದ್ದೆಯನ್ನು ಬಿಟ್ಟುಕೊಟ್ಟರು. ನಂತರ ಬಂದ ಬರಗಾಲದಲ್ಲಿ ತಮ್ಮ ಆಸ್ತಿಯನ್ನು ಬಡವರಿಗೆ ರೊಟ್ಟಿಯಾಗಿ ಹಂಚಿಬಿಟ್ಟರು. ಸಭ್ಯತೆಯ ಪುಸ್ತಕ ಬರೆಯುವ ಮೊದಲು ಅವರು ಪಡೆದ ತರಬೇತಿ ಇದು.

ಬುಟ್ಟಿಯ ಪಾಠ

1703ರಲ್ಲಿ ಪ್ರಕಟವಾದ ಅವರ ಕ್ರೈಸ್ತ ಸಭ್ಯತೆಯ ನಿಯಮಗಳ ಪುಸ್ತಕ ಮುಂದೆ ನೂರಕ್ಕೂ ಹೆಚ್ಚು ಸಲ ಮರುಮುದ್ರಣವಾಯಿತು. ಕೈಬರಹವನ್ನು ಹೋಲುವ ಅಚ್ಚಿನ ಅಕ್ಷರದಲ್ಲಿದ್ದ ಅದು ಚೆನ್ನಾಗಿ ಓದಬಲ್ಲ ಮಕ್ಕಳಿಗೆ ಶಾಲೆಯಲ್ಲಿ ಓದುವ ಪಠ್ಯವಾಗಿತ್ತು. ಹೀಗೆ ಕುಶಲಕರ್ಮಿಗಳ, ಬಡವರ ಮಕ್ಕಳು ಓದನ್ನೂ ನಡತೆಯನ್ನೂ ಒಟ್ಟಿಗೆ ಕಲಿತರು. ಕೈ ತೊಳೆಯುವುದು, ಪ್ರಾರ್ಥನೆ, ಕರವಸ್ತ್ರ, ತಟ್ಟೆ, ಚಮಚ, ಅಷ್ಟರಲ್ಲಿ ಬಳಕೆಗೆ ಬಂದಿದ್ದ ಫೋರ್ಕ್, ಎಲ್ಲಕ್ಕೂ ಅಲ್ಲಿ ನಿಯಮವಿದೆ. ಆದರೆ ಮುನ್ನುಡಿಯಲ್ಲಿಯೇ ಲಾ ಸಾಲರು ಎಚ್ಚರಿಸುತ್ತಾರೆ: ಜನ ಮೆಚ್ಚಲಿ ಎಂದು ಮಕ್ಕಳಿಗೆ ಸಭ್ಯತೆ ಕಲಿಸಬೇಡಿ, ದೇವರು ಇಲ್ಲಿದ್ದಾರೆ, ಎದುರಿಗಿರುವವರು ಕ್ರಿಸ್ತರ ಅಂಗಗಳು ಎಂಬ ಕಾರಣಕ್ಕೆ ಕಲಿಸಿ.

ಇದು ಬರಿಯ ಬಾಯಿಮಾತಾಗಿರಲಿಲ್ಲ. ಅವರ ಶಾಲೆಗಳು ಹೇಗೆ ನಡೆಯಬೇಕೆಂಬ ಇನ್ನೊಂದು ಕೈಪಿಡಿಯಿದೆ. 1706ರ ಹಸ್ತಪ್ರತಿಯಲ್ಲಿ ಉಳಿದುಬಂದ ಅದು ಅವರ ಮರಣದ ಮರುವರ್ಷ, 1720ರಲ್ಲಿ ಅಚ್ಚಾಯಿತು. ಅದರಂತೆ ಮಕ್ಕಳು ಬೆಳಗಿನ ಉಪಾಹಾರವನ್ನೂ ಮಧ್ಯಾಹ್ನದ ತಿಂಡಿಯನ್ನೂ ಶಾಲೆಯಲ್ಲಿಯೇ ತಿನ್ನಬೇಕು. ಕ್ರಮವಾಗಿ, ಸಭ್ಯವಾಗಿ, ದೇವರನ್ನು ನೆನೆದು ತಿನ್ನುವುದನ್ನು ಕಲಿಸಲೆಂದೇ ಈ ಏರ್ಪಾಡು. ತರಗತಿಯಲ್ಲಿ ಒಂದು ಸಣ್ಣ ಬುಟ್ಟಿ ಇರುತ್ತಿತ್ತು. ತನ್ನ ಪಾಲಿನಲ್ಲಿ ರೊಟ್ಟಿ ಉಳಿದ ಮಗು ಅದನ್ನು ತೋರಿಸಿ ಕೈ ಎತ್ತಬೇಕು. ಅದಕ್ಕೆಂದು ನೇಮಕವಾದ ಹುಡುಗ ಬಂದು ಸಂಗ್ರಹಿಸಬೇಕು. ಕೊಡುವ ಮಗು ತನಗೆ ಸಾಕಾಗುವಷ್ಟನ್ನು ಉಳಿಸಿಕೊಂಡಿದೆಯೇ ಎಂದು ಉಪಾಧ್ಯಾಯರು ಗಮನಿಸಬೇಕು. ಕೊನೆಯಲ್ಲಿ ಅವರೇ ಅದನ್ನು ಅತಿ ಬಡ ಮಕ್ಕಳಿಗೆ ಹಂಚಬೇಕು.

ಪಡೆಯುವ ಮಗುವಿನ ಮುಜುಗರವನ್ನು ಇಂದಿನ ನಾವು ಇನ್ನಷ್ಟು ಯೋಚಿಸುತ್ತೇವೆ, ನಿಜ. ಆದರೂ ಪುಸ್ತಕ ಮತ್ತು ಬುಟ್ಟಿ ಒಂದೇ ಕೋಣೆಯಲ್ಲಿದ್ದವು ಎಂಬುದನ್ನು ಗಮನಿಸಿರಿ. ಹೇಗೆ ತಿನ್ನಬೇಕೆಂದು ಪುಸ್ತಕ ಹೇಳುತ್ತಿತ್ತು. ಪಕ್ಕದವನು ತಿಂದನೇ ಎಂದು ಬುಟ್ಟಿ ಕೇಳುತ್ತಿತ್ತು. ಬುಟ್ಟಿಯಿಲ್ಲದ ಪುಸ್ತಕ ಬರಿಯ ಒಣಜಂಬವನ್ನು ಬೆಳೆಸುತ್ತದೆ.

ನಮ್ಮ ಮನೆಯ ಮೇಜು

ನಮ್ಮ ರಾಜ್ಯದಲ್ಲಿ 2002ರಲ್ಲಿ ಆರಂಭವಾದ ಅಕ್ಷರ ದಾಸೋಹ ಯೋಜನೆಯಿಂದ ಶಾಲಾಮಕ್ಕಳು ಒಂದೇ ಸಾಲಿನಲ್ಲಿ ಕುಳಿತು ಉಣ್ಣುವಂತಾಯಿತು. ಹಾಗಿದ್ದೂ ಅಡುಗೆ ಮಾಡಿದವರು ದಲಿತರೆಂದು ಮಕ್ಕಳಿಗೆ ಊಟ ಬೇಡವೆನಿಸಿದ ಪೋಷಕರ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಅದನ್ನು ಓದಿ ಇತರರತ್ತ ಬೆರಳು ತೋರಿಸುವ ಮೊದಲು ನಮ್ಮ ಮನೆಗಳನ್ನೂ ನೋಡಿಕೊಳ್ಳೋಣ. ಮನೆಗೆಲಸಕ್ಕೆ ಬರುವ ಅಕ್ಕನಿಗೆ ಬೇರೆ ತಟ್ಟೆ, ಬೇರೆ ಲೋಟ ಇದೆಯೇ? ಅದನ್ನು ಕಂಡು ಬೆಳೆದ ಮಗುವಿಗೆ ಯಾವ ಶಿಬಿರ ಸಭ್ಯತೆ ಕಲಿಸೀತು?

ಜಗದ್ಗುರು ಫ್ರಾನ್ಸಿಸ್ 2015ರ ಮೇ 13ರಂದು ಕುಟುಂಬಗಳಿಗೆ ಮೂರು ಮಾತುಗಳನ್ನು ನೆನಪಿಸಿದ್ದರು: ಅನುಮತಿ ಕೇಳುವುದು, ಕೃತಜ್ಞತೆ ಹೇಳುವುದು, ಕ್ಷಮೆ ಬೇಡುವುದು. ಒಳ್ಳೆಯ ನಡತೆ ಹೃದಯದ ಬರಡುತನವನ್ನು ಮುಚ್ಚುವ ಮುಖವಾಡವೂ ಆಗಬಹುದೆಂದು ಅಂದೇ ಎಚ್ಚರಿಸಿದ್ದರು. ಅದೇ ವರ್ಷದ ನವೆಂಬರ್ 11ರಂದು, ಒಟ್ಟಿಗೆ ಉಣ್ಣದ, ಉಣ್ಣುವಾಗಲೂ ಟಿ.ವಿ. ಮತ್ತು ಮೊಬೈಲಿನಲ್ಲಿ ಮುಳುಗಿರುವ ಕುಟುಂಬವನ್ನು ಕುಟುಂಬವೆನ್ನುವುದು ಕಷ್ಟವೆಂದು ಹೇಳಿದ್ದರು. 2025ರ ಏಪ್ರಿಲ್ 21ರಂದು ಅವರು ನಮ್ಮನ್ನು ಅಗಲಿದರು, ಮಾತು ಉಳಿದಿದೆ.

ಪ್ರಿಯ ತಂದೆತಾಯಂದಿರೇ, ಮಕ್ಕಳಿಗೆ ಸ್ಪೂನ್, ಫೋರ್ಕ್ ಹಿಡಿಯಲು ಖಂಡಿತ ಕಲಿಸಿರಿ. ನಾಳೆ ಅವರು ಯಾವ ಊರಿನ ಯಾವ ಮೇಜಿನಲ್ಲಿ ಕೂರಬೇಕಾದೀತೋ! ಅದರೊಂದಿಗೆ ಎಲ್ಲರಿಗಾಗಿ ಕಾಯುವುದನ್ನೂ, ಬಡಿಸುವವರ ಹಸಿವನ್ನು ಗಮನಿಸುವುದನ್ನೂ, ಇತರರ ತಪ್ಪನ್ನು ಒಂಟಿಯಾಗಿ ಮೆಲ್ಲನೆ ತಿಳಿಸುವುದನ್ನೂ ಕಲಿಸಿರಿ. ವಾರಕ್ಕೊಮ್ಮೆಯಾದರೂ ಮಕ್ಕಳೇ ಬಡಿಸಲಿ, ಅಮ್ಮ ಮೊದಲು ಉಣ್ಣಲಿ.

ಆ ಅಜ್ಜಿಯ ಪಕ್ಕದಲ್ಲಿ ಕುಳಿತಿದ್ದ ನಮಗೆ ಅಂದು ಒಂದು ಕೆಲಸ ಸುಲಭವಾಗಿತ್ತು. ನಮ್ಮ ಸ್ಪೂನನ್ನು ಬದಿಗಿಟ್ಟು ನಾವೂ ಕೈಯಿಂದ ಅನ್ನ ಕಲಸಬಹುದಿತ್ತು. ಅಷ್ಟಾಗಿದ್ದರೆ ಅವರು ಹಸಿದು ಮನೆಗೆ ಹೋಗುತ್ತಿರಲಿಲ್ಲ. ಮುಂದಿನ ತೆನೆ ಹಬ್ಬಕ್ಕೆ ಹಿರಿಯರು ಹೊಸ ಅಕ್ಕಿಯನ್ನು ಹಂಚುವಾಗ ನಮ್ಮ ಮೇಜಿನಲ್ಲಿ ಯಾರೂ ಹಾಗೆ ತಟ್ಟೆ ಕೆಳಗಿಡದಿರಲಿ.